ಗೌರವಾಧ್ಯಕ್ಷೆ

೧೧ ಅಕ್ಟೋಬರ್ ೨೦೨೫, ಶನಿವಾರ
ಹೊಳೆನರಸೀಪುರ

ಚಿತ್ರಕಲಾ ಶಾಲೆಯ ಟ್ರಸ್ಟಿನವರು ಇಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ನನ್ನನ್ನು ಗೌರವಾಧ್ಯಕ್ಷೆ ಮಾಡಿದರು. ನನ್ನ ಅಧ್ಯಕ್ಷೆಯ ಕುರ್ಚಿಗೆ ಸೊಸೆ ನಿಸರ್ಗ ಬಂದಳು.

“ಇನ್ಮೇಲೆ ನಿಮ್ಗೆ ಮೀಟಿಂಗಿಗೆ ಬರೋ ಕಷ್ಟ ಇಲ್ಲ ಬುಡಿ ಅವ್ವ,” ಎಂದ ಕಾರ್ಯದರ್ಶಿ ರುದ್ರೇಶ.

“ಕಷ್ಟ ಅಂತ ನಾನ್ಯಾವತ್ತಪ್ಪ ಯೇಳಿದ್ದೆ?”

ತಮಾಷೆಯೆಂದು ಎಲ್ಲರೂ ನಕ್ಕರು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಫೋಟೋಗೆ ನೆಟ್ಟಗೆ ನಿಂತೆ.

ದಾರಿಯಲ್ಲಿ ನಿಸರ್ಗ, “ಅತ್ತೆ, ಬೇಜಾರಾಯ್ತಾ?” ಎಂದಳು.

“ಹಣ್ಣು ಮಕ್ಕಳಿಗೆ ಹಂಚ್ಬುಡು, ಕೊಳ್ತೋಯ್ತವೆ,” ಎಂದೆ.

ನಾಳೆ ಭಾನುವಾರದ ತರಗತಿ. ಅರಕಲಗೂಡಿನಿಂದಲೂ ಮಕ್ಕಳು ಬರುತ್ತಾರೆ. ಇಷ್ಟು ವರ್ಷ ಶಾಲೆಯ ಬಾಗಿಲು ತೆಗೆದವಳು ನಾನೇ. ಇನ್ನು ಹೋಗಿ ಮಕ್ಕಳ ಹಿಂದೆ ಸುಮ್ಮನೆ ಕೂರಬೇಕೆಂದರೂ ಯಾರನ್ನು ಕೇಳಬೇಕೋ. ಕೇಳಿ ಅಭ್ಯಾಸವಿಲ್ಲ.