ನೀನೇ ಸೇರ್ಕೋ ಅಂದೆಯಲ್ಲ

ಪುಟ್ಟೀ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಗಿದೆ, ಗೊಣಗದೆ ಒರೆಸು.

ಮುಂದೆ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮಾಡಲು ಈಗ ಡಿಗ್ರಿಗೆ ಸಮಾಜಶಾಸ್ತ್ರ ಒಳ್ಳೆಯದೋ ಮನಃಶಾಸ್ತ್ರವೋ ಎಂದು ನಿನಗೋಸ್ಕರ ವರ್ಷವಿಡೀ ಕಂಡ ಕಂಡ ಮೇಷ್ಟ್ರುಗಳ ತಲೆ ತಿಂದೆ. ನಿನ್ನನ್ನು ಮಾತ್ರ ಕೇಳಲಿಲ್ಲ. ನಿನ್ನೆ ಕೇಳಿದರೆ ನಿನಗೆ ಫ್ರಿಜ್ ರಿಪೇರಿ ಕಲಿಯಬೇಕಂತೆ! ನಾನು ಕೂಗಾಡಿದೆ. ನೀನು "ಅಷ್ಟೊಂದು ಆಸೆ ಇದ್ರೆ ನೀನೇ ಸೇರ್ಕೋ ಅಮ್ಮಾ" ಎಂದು ಬಾಗಿಲು ಹಾಕಿಕೊಂಡೆ.

ಬೆಳಿಗ್ಗೆ ಒಲೆ ಮುಂದೆ ನಿಂತಾಗ ಹೊಳೆಯಿತು, ಹೌದಲ್ಲ! ಹಾಲು ಉಕ್ಕಿದ್ದು ಆಗಲೇ.

ಸೇರಲು ಹೊರಟಿದ್ದೇನೆ. ಸಮಾಜಶಾಸ್ತ್ರಕ್ಕೇ. ಹೆತ್ತ ಮಗಳ ಮನಸ್ಸೇ ತಿಳಿಯದವಳಿಗೆ ಮನಃಶಾಸ್ತ್ರ ಎಲ್ಲಿ ದಕ್ಕೀತು? ಎಂಎಸ್‌ಡಬ್ಲ್ಯೂ ಮುಗಿಯುವಷ್ಟರಲ್ಲಿ ತಲೆಯೆಲ್ಲ ಬೆಳ್ಳಗಾಗಿರುತ್ತದೆ. ಆಗಲಿ, ಜನ ಮರ್ಯಾದೆಯಾದರೂ ಕೊಡುತ್ತಾರೆ.

ನಿನ್ನ ಬ್ಯಾಗು ತೆಗೆದುಕೊಂಡಿದ್ದೇನೆ. ನೀನು ನಿನ್ನ ರಿಪೇರಿ ತರಗತಿಗೆ ಸೇರಿಕೋ, ನಮ್ಮ ಫ್ರಿಜ್ಜಿನಿಂದಲೇ ಶುರುಮಾಡು, ಮತ್ತೆ ಸೋರುತ್ತಿದೆ. ಮುಂದೆ ನನ್ನ ಮಾರ್ಕ್ಸ್ ಕಡಿಮೆ ಬಂದರೆ ನಾನು ಬೈದ ಹಾಗೆ ಬೈಯಬೇಡ.

ಊಟ ಮುಗಿಸಿ ಕಾಲೇಜಿನ ಹತ್ತಿರ ಬಾ. ಮುಖ ಗಂಟು ಹಾಕಿಕೊಂಡು ಬಂದರೂ ಸರಿ. ಅರ್ಜಿಗೆ ಪೋಷಕರ ಸಹಿ ಬೇಕಂತೆ. ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಅಮ್ಮ