ಮಂಚಕ್ಕೆ ಕಟ್ಟುವ ಪಾಠ

ರಾಯಚೂರು, 7-3-1983, ಬೆಳಿಗ್ಗೆ
ಆರಕ್ಕೆ ಚಹಾ. ಇವತ್ತೂ ಬರೀ ನೀರು. ಕುಡಿದೆ, ಬೈದೆ, ಇನ್ನೊಂದು ಕಪ್ ಕೇಳಿದೆ. ಮಾನ್ವಿಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಈ ವೃದ್ಧಾಶ್ರಮಕ್ಕೆ ನನ್ನ ಕಾಲ ಮೇಲೆ ನಡೆದು ಬಂದವಳು. ಬಾಯಿ ಮುಚ್ಚಿಕೊಂಡಿರಲು ಬಂದವಳಲ್ಲ.

ಪಕ್ಕದ ಮಂಚದ ದುರುಗಮ್ಮ ಮತ್ತೆ ನೆಲದಲ್ಲಿ ಕಂಬಳಿ ಹಾಸಿ ಮಲಗಿದ್ದಾಳೆ. ದೇವದುರ್ಗದ ಕಡೆಯ ಕುರಿಗಾರ ಮನೆತನ. ಮಂಚ ಕಂಡದ್ದೇ ಇಲ್ಲಿ. ಸೂಪರಿಂಟೆಂಡೆಂಟ್ ಶರಣಯ್ಯ ರೇಗಿದ. "ಮಂಚದಿಂದ ಇಳ್ಯಾಕ ಹೋಗಿ ಬಿದ್ರ ಯಾರು ಜವಾಬ್ದಾರಿ?"

"ನೆಲದಾಗ ಮಲಗಿದಾಕಿ ಎಲ್ಲಿಗೆ ಬೀಳ್ತಾಳೋ ಯಪ್ಪಾ?" ಅಂದಳು ದುರುಗಮ್ಮ.

ನಕ್ಕುಬಿಟ್ಟೆ. ಅವನಿಗೆ ಇನ್ನೂ ಸಿಟ್ಟು ಬಂತು.

9-3, ಸಂಜೆ
ಆಯಾಗಳಿಗೆ ಟ್ರೇನಿಂಗ್ — ಮುದುಕರನ್ನು ನೋಡಿಕೊಳ್ಳುವುದು ಹೇಗೆ ಅಂತ. ಕಲಿಸಲು ಹೊರಗಿನಿಂದ ಒಬ್ಬ ಮೇಡಂ. ನಮಗೆ ಹೊರಗೆ ಬೆಂಚು. ಪಾಠ ನಮ್ಮ ಬಗ್ಗೆ, ಒಳಗೆ ಬಿಡುವುದಿಲ್ಲ ನಮ್ಮನ್ನೇ!

ಪಾಠ ಮುಗಿಯುತ್ತಲೇ ಬಂದು ದುರುಗಮ್ಮನ ಕಂಬಳಿ ಕಿತ್ತುಕೊಂಡರು. ಆಯಾ ಮಹಬೂಬೀ ಅವಳ ಎರಡೂ ಕೈಗಳನ್ನು ಹಳೇ ಸೀರೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದಳು. ಕಟ್ಟುವಾಗ ತನ್ನ ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. "ಇವತ್ತ ಇದನ್ನ ಕಲಿಸ್ಯಾರ್ರೀ ಅಮ್ಮಾ."

ಆ ಗಂಟು ನನಗೆ ಗೊತ್ತು. ಹೊಸ ಹುಡುಗಿಯರಿಗೆ ನಾನೂ ಕಲಿಸಿದ್ದೇನೆ. ಎಷ್ಟು ಜನರನ್ನು ಕಟ್ಟಿದೆನೋ... ಒಬ್ಬರನ್ನೂ ಕೇಳಲಿಲ್ಲ. ನಾಚಿಕೆಯಾಗುತ್ತಿದೆ.

12-3
ಎರಡು ದಿನ ಬರೆಯಲಾಗಲಿಲ್ಲ. ಊಟಕ್ಕಷ್ಟೇ ದುರುಗಮ್ಮನ ಕೈ ಬಿಚ್ಚುತ್ತಾರೆ. ಅವಳು ಊಟವನ್ನೇ ಬಿಟ್ಟಿದ್ದಾಳೆ. ಮಾತನ್ನೂ.

ಇವತ್ತು ಕ್ಲಾಸಿಗೆ ನುಗ್ಗಿದೆ. ಶರಣಯ್ಯ ಅಡ್ಡ ಬಂದ. "ಸೂಗಮ್ಮಾರ, ಇದು ಸ್ಟಾಫ್ ಕ್ಲಾಸ್ರೀ!"

"ನಾನೂ ಸ್ಟಾಫಿಗೇ ಕಲಿಸಾಕ ಬಂದೀನಿ. ಸರಿ ಅತ್ಲಾಗ."

ಪಾಠದ ಮಂಚ ಖಾಲಿ ಇತ್ತು. "ಮಹಬೂಬೀ, ಮಲಕ್ಕೋ ಬೇ." ಮಲಗಿದಳು. ಎರಡೂ ಕೈ ಕಟ್ಟಿದೆ. ಗಂಟು ಗಟ್ಟಿಯಾಗೇ ಬಿತ್ತು. "ಹತ್ತು ನಿಮಿಷ. ಯಾರೂ ಬಿಚ್ಚಬಾರ್ದು." ಮೇಡಂ ವಾಚ್ ನೋಡುತ್ತ ಕುಳಿತರು.

ಮೊದಲು ಎಲ್ಲರೂ ನಕ್ಕರು. ಮಹಬೂಬಿಯ ಮೂಗಿನ ಮೇಲೆ ನೊಣ ಕೂತಿತು. ತಲೆ ಕೊಡವಿದಳು. ಮತ್ತೆ ಬಂದು ಕೂತಿತು. ನಗು ನಿಂತಿತು. ನಾಲ್ಕನೇ ನಿಮಿಷಕ್ಕೆ ಅಳು. "ಬಿಚ್ಚರಿ ಯವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ."

ಬಿಚ್ಚಿದೆ. ಮಹಬೂಬೀ ಸೀದಾ ಹೋಗಿ ದುರುಗಮ್ಮನ ಕೈ ಬಿಚ್ಚಿ, ಕಂಬಳಿ ತಂದು ನೆಲಕ್ಕೆ ಹಾಸಿದಳು. ಶರಣಯ್ಯ ಕೂಗುತ್ತಲೇ ಇದ್ದ. ಅವಳು ತಿರುಗಿಯೂ ನೋಡಲಿಲ್ಲ. ದುರುಗಮ್ಮ ರೊಟ್ಟಿ ಕೇಳಿದಳು.

13-3, ಹತ್ತು ಗಂಟೆ
ಶರಣಯ್ಯ ಖಾಲಿ ಕಾಗದ ಕೊಟ್ಟಿದ್ದಾನೆ. ಮಧ್ಯಾಹ್ನದೊಳಗೆ ತಪ್ಪಾಯಿತೆಂದು ಬರೆದುಕೊಡಬೇಕು, ಇಲ್ಲವೇ ಆಶ್ರಮ ಬಿಡಬೇಕು. ಹೆದರಿಕೆಯಿಲ್ಲ ಅಂದರೆ ಸುಳ್ಳು. ಎಪ್ಪತ್ತರ ಹತ್ತಿರ ಇನ್ನೆಲ್ಲಿಗೆ ಹೋಗಲಿ? ಆದರೂ ತಪ್ಪೆಂದು ಬರೆಯಲು ಕೈ ಏಳಲಿಲ್ಲ. ಆ ಕಾಗದದಲ್ಲಿ ಬರೆದು, ಗಟ್ಟಿಯಾಗಿ ಓದಿದ್ದು ಇಷ್ಟು:

'ಮುಂದಿನ ಪಾಠ: ಸ್ನಾನ ಮಾಡಿಸುವುದು. ಮೊದಲು, ನೀರು ಎಷ್ಟು ಬಿಸಿ ಬೇಕೆಂದು ಮುದುಕಿಯನ್ನೇ ಕೇಳಬೇಕು.'

ಬಾಗಿಲಲ್ಲಿ ಮಹಬೂಬೀ, ಹಿಂದೆ ಇನ್ನೂ ಮೂವರು ಆಯಾಗಳು. "ಆಮ್ಯಾಲ ಏನ್ರೀ ಅಮ್ಮಾ? ಸಾಹೇಬ್ರು ಬೈದ್ರೂ ನಿಮ್ಮ ಪಾಠ ಕೇಳಿಕೊಂಡೇ ಹೋಗೋರು ನಾವು."

ಪಡಸಾಲೆಯಲ್ಲಿ ಶರಣಯ್ಯನ ಚಪ್ಪಲಿ ಸದ್ದು. ಬರಲಿ. ಎರಡನೆಯದು —