ಬಟನ್ ಒತ್ತಿದವರು ಕ್ಷೇಮ

ನಿರ್ದೇಶಕಿ ಮೇಡಂ ಅವರಿಗೆ ನಮಸ್ಕಾರ.

ಬಟನ್ ತಯಾರಿಸುವ ಕಂಪನಿಯವರು, ಆಸ್ಪತ್ರೆಯವರು, ನಮ್ಮ ಸಂಸ್ಥೆಯವರು ಕೂಡಿ ಒಂಟಿ ಹಿರಿಯರ ಮನೆಗಳಲ್ಲಿ ಹಸಿರು ಬಟನ್ ಹಾಕಿಸಿದೆವು. ಬೆಳಿಗ್ಗೆ ಒತ್ತಿದವರು ಕ್ಷೇಮ, ಅವರ ಮನೆಗೆ ಹೋಗುವುದು ಬೇಡ ಎಂದಿರಿ.

ಮೂರನೇ ಮಹಡಿಯ ಟೈಲರ್ ಅಜ್ಜಿ ಸೋಮವಾರ ಬಿದ್ದು ಸೊಂಟ ಮುರಿದುಕೊಂಡರು. ಮಂಗಳವಾರವೂ ಬುಧವಾರವೂ ತೆವಳಿ ಬಂದು, ಬಟ್ಟೆ ಅಳೆಯುವ ಕೋಲಿನಿಂದ ಬಟನ್ ಒತ್ತಿದ್ದಾರೆ. ಹಾಗಾಗಿ ಯಾರೂ ಹೋಗಲಿಲ್ಲ. ಕೊನೆಗೆ ಪಕ್ಕದ ಮನೆಯವರು ನರಳಾಟ ಕೇಳಿ ಬಾಗಿಲು ಒಡೆದರು.

"ನೀವು ಒತ್ತಲಿಲ್ಲ ಅಂದ್ರೆ ಈ ಮಂಡಿನೋವಲ್ಲಿ ನಾನು ಮೂರು ಮಹಡಿ ಹತ್ಬೇಕು ಅಜ್ಜಿ" ಎಂದು ತಮಾಷೆ ಮಾಡಿದ್ದವಳು ನಾನೇ.

ನಾಳೆಯ ಸಭೆಯಲ್ಲಿ ದಿನವೂ ಬಟನ್ ಒತ್ತಿದವರ ಯಶಸ್ಸಿನ ಪಟ್ಟಿ ಓದುವಾಗ ಅಜ್ಜಿಯ ಹೆಸರು ಬಿಟ್ಟುಬಿಡಿ. ನನ್ನ ಹಳೆಯ ಮನೆಭೇಟಿ ಪುಸ್ತಕ ವಾಪಸ್ ಕೊಡಿ.

ಆಸ್ಪತ್ರೆಯಲ್ಲಿ ಅಜ್ಜಿ ನನ್ನ ಮಂಡಿ ಸವರಿ ಹೇಳಿದರು: "ಒಂದಿನಾನೂ ನಿನ್ನನ್ನ ಮೆಟ್ಲು ಹತ್ತಿಸ್ಲಿಲ್ಲ ನೋಡು, ಮಗಳೇ."

ಇಂತಿ,
ಮನೆಭೇಟಿಯ ಕಾರ್ಯಕರ್ತೆ